ಪೀಚ್ ಬುಟ್ಟಿಯ ಊರಿನಲ್ಲಿ ಭವಿಷ್ಯದ ಲೆಕ್ಕ

ಅಮೆರಿಕದ ಬಾಸ್ಟನ್ ನಗರದಿಂದ ಪಶ್ಚಿಮಕ್ಕೆ ಸುಮಾರು 145 ಕಿಲೋಮೀಟರು ಹೋದರೆ ಸ್ಪ್ರಿಂಗ್‌ಫೀಲ್ಡ್ ಎಂಬ ಊರು ಸಿಗುತ್ತದೆ. ಕನೆಕ್ಟಿಕಟ್ ನದಿಯ ದಂಡೆಯ ಮೇಲಿನ, ಒಂದೂವರೆ ಲಕ್ಷ ಜನಸಂಖ್ಯೆಯ ಊರು. ಬಾಸ್ಟನ್ನಿಗೆ ಬರುವ ನಮ್ಮವರು ಹಾರ್ವರ್ಡ್ ನೋಡುತ್ತಾರೆ, ಬಂದರು ನೋಡುತ್ತಾರೆ, ಬಿಡುವಿದ್ದರೆ ನಯಾಗರಕ್ಕೆ ಹೊರಡುತ್ತಾರೆ. ಸ್ಪ್ರಿಂಗ್‌ಫೀಲ್ಡಿನ ದಾರಿ ಹಿಡಿಯುವವರು ಕಡಿಮೆ. ನಾನು ಹೋದದ್ದು 2024ರ ಅಕ್ಟೋಬರಿನಲ್ಲಿ, ದಸರಾ ರಜೆಗೆ ಒಂದಿಷ್ಟು ಗಳಿಕೆ ರಜೆ ಸೇರಿಸಿಕೊಂಡು ಅಕ್ಕನ ಮಗನ ಮನೆಗೆ ಬಂದಿದ್ದಾಗ.

ಆ ತಿಂಗಳಲ್ಲಿ ಅಲ್ಲಿ ಎರಡು ವಿಷಯಗಳ ಬಗ್ಗೆ ಎಲ್ಲರೂ ಭವಿಷ್ಯ ನುಡಿಯುತ್ತಾರೆ. ಒಂದು, ಎಲೆಗಳದ್ದು. ಹೆದ್ದಾರಿಯ ಇಕ್ಕೆಲಗಳ ಮೇಪಲ್ ಮರಗಳು ಯಾವ ವಾರ ಪೂರ್ತಿ ಕೆಂಪಾಗುತ್ತವೆ ಎಂದು ನಕ್ಷೆಗಳೇ ಪ್ರಕಟವಾಗುತ್ತವೆ. ಹಗಲು ಕಿರಿದಾಗುತ್ತಾ ಬಂದಂತೆ ಎಲೆಯ ಹಸಿರು ದ್ರವ್ಯವಾದ ಕ್ಲೋರೋಫಿಲ್ ಒಡೆದುಹೋಗಿ, ಅದರ ಮರೆಯಲ್ಲಿದ್ದ ಹಳದಿ ಹೊರಬೀಳುತ್ತದೆ. ಮೇಪಲ್‌ನ ಕೆಂಪು ಮಾತ್ರ ಅದೇ ಕಾಲದಲ್ಲಿ ಹೊಸದಾಗಿ ತಯಾರಾಗುವ ಆಂಥೋಸಯನಿನ್. ಹಗಲಿನ ಉದ್ದ ಪ್ರತಿವರ್ಷವೂ ಒಂದೇ ಆದ್ದರಿಂದ ಈ ಭವಿಷ್ಯ ತಪ್ಪಿದರೂ ಒಂದು ವಾರದ ಆಚೀಚೆ ತಪ್ಪೀತು, ಅಷ್ಟೇ. ಎರಡನೆಯದು ಬ್ಯಾಸ್ಕೆಟ್‌ಬಾಲ್‌ನದು. ಎನ್‌ಬಿಎ ಎಂಬ ವೃತ್ತಿಪರ ಲೀಗಿನ ಹೊಸ ಋತು ಅಕ್ಟೋಬರ್ ಕೊನೆಯಲ್ಲಿ ಆರಂಭ. ಪೂರ್ವ ವಿಭಾಗದಲ್ಲಿ 15 ತಂಡ, ಪಶ್ಚಿಮ ವಿಭಾಗದಲ್ಲಿ 15 ತಂಡ. ಮುಂದಿನ ಏಪ್ರಿಲ್‌ನಲ್ಲಿ ಯಾವ ತಂಡ ಯಾವ ಸ್ಥಾನದಲ್ಲಿ ನಿಂತಿರುತ್ತದೆ ಎಂದು ಪತ್ರಿಕೆಗಳು ಬರೆಯುತ್ತವೆ, ಟೀವಿಯವರು ವಾದಿಸುತ್ತಾರೆ, ಕ್ಷೌರದಂಗಡಿಯಲ್ಲೂ ಅದೇ ಮಾತು. ಯುಗಾದಿಯ ದಿನ ನಮ್ಮೂರ ದೇವಸ್ಥಾನದ ಜಗಲಿಯಲ್ಲಿ ಪಂಚಾಂಗ ಶ್ರವಣ ನಡೆದು, ಯಾವ ರಾಶಿಗೆ ಆದಾಯ ಎಷ್ಟು, ವ್ಯಯ ಎಷ್ಟು ಎಂದು ಕೇಳಿಸಿಕೊಂಡವರು ಮುಗುಳ್ನಗುತ್ತಲೋ ಮುಖ ಸಣ್ಣದು ಮಾಡಿಕೊಂಡೋ ಎದ್ದು ಹೋಗುವುದಿಲ್ಲವೇ, ಹಾಗೆ.

ಅಕ್ಕನ ಮೊಮ್ಮಗನಿಗೆ ಆಗ 14 ವರ್ಷ. ಸೊಸೆ ಮನೆಯಲ್ಲಿ ದಸರಾ ಬೊಂಬೆ ಕೂರಿಸಿದ್ದಳು. ಪಟ್ಟದ ಬೊಂಬೆಗಳ ಕೆಳಗಿನ ಮೆಟ್ಟಿಲಲ್ಲಿ, ಅಕ್ಕಿ ಬೇಳೆಯ ಶೆಟ್ಟರ ಪಕ್ಕದಲ್ಲಿ, ಹಸಿರು ಬನಿಯನ್ ತೊಟ್ಟ ಬಾಸ್ಟನ್ ಆಟಗಾರ ಜೇಸನ್ ಟೇಟಮ್‌ನ ಪುಟ್ಟ ಬೊಂಬೆಯೊಂದು ನಿಂತಿತ್ತು. ಇಟ್ಟವನು ಈ ಹುಡುಗ. ತೆಗೆಸುವ ಧೈರ್ಯ ಯಾರಿಗೂ ಇರಲಿಲ್ಲವೆಂದು ಕಾಣುತ್ತದೆ. ದಶಮಿಯವರೆಗೂ ಅವನಿಗೂ ಆರತಿ ಆಯಿತು. ಆ ಜೂನ್‌ನಲ್ಲಷ್ಟೇ ಬಾಸ್ಟನ್ ಸೆಲ್ಟಿಕ್ಸ್ ತಂಡ ತನ್ನ 18ನೆಯ ಪ್ರಶಸ್ತಿ ಗೆದ್ದಿತ್ತು. ಇಡೀ ಊರೇ ಹಸಿರಾಗಿತ್ತು ಎಂದರೆ ಅತಿಶಯೋಕ್ತಿಯಲ್ಲ.

ಸ್ಪ್ರಿಂಗ್‌ಫೀಲ್ಡಿಗೆ ಹೋಗೋಣವೆಂದು ಹಟ ಹಿಡಿದವನೂ ಅವನೇ. ಬ್ಯಾಸ್ಕೆಟ್‌ಬಾಲ್ ಹುಟ್ಟಿದ್ದು ಅಲ್ಲಿ. ಹುಟ್ಟಿಸಿದವರು ನನ್ನ ಹಾಗೆ ಒಬ್ಬ ಮೇಷ್ಟ್ರು ಎಂಬುದು ನನಗೆ ಅಭಿಮಾನದ ವಿಷಯ. ಕೆನಡಾದಲ್ಲಿ ಹುಟ್ಟಿದ ಜೇಮ್ಸ್ ನೈಸ್ಮಿತ್ 1891ರಲ್ಲಿ ಇಲ್ಲಿನ ವೈಎಂಸಿಎ ತರಬೇತಿ ಶಾಲೆಯಲ್ಲಿ ವ್ಯಾಯಾಮ ಶಿಕ್ಷಕ. ಹೊರಗೆ ಚಳಿಗಾಲ, ಒಳಗೆ ಡ್ರಿಲ್ ಮಾಡಿ ಮಾಡಿ ಬೇಸತ್ತ ಹದಿನೆಂಟು ಜನ ವಿದ್ಯಾರ್ಥಿಗಳು. ತರಗತಿ ಯಾರ ಹಿಡಿತಕ್ಕೂ ಸಿಗುತ್ತಿರಲಿಲ್ಲ. ಮುಖ್ಯಸ್ಥ ಲೂಥರ್ ಗುಲಿಕ್ ‘ಎರಡು ವಾರದಲ್ಲಿ ಒಳಾಂಗಣಕ್ಕೆ ಒಂದು ಹೊಸ ಆಟ ಕಂಡುಹಿಡಿ’ ಎಂದು ಗಡುವು ಕೊಟ್ಟರು. ನೈಸ್ಮಿತ್ 13 ನಿಯಮ ಬರೆದರು. ಗುರಿಗಾಗಿ ಎರಡು ಪೆಟ್ಟಿಗೆ ತಾ ಎಂದು ಜವಾನನಿಗೆ ಹೇಳಿದರೆ, ಪೆಟ್ಟಿಗೆ ಸಿಗದೆ ಅವನು ಪೀಚ್ ಹಣ್ಣಿನ ಎರಡು ಬುಟ್ಟಿ ತಂದುಕೊಟ್ಟ. ವ್ಯಾಯಾಮಶಾಲೆಯ ಮೇಲಂಕಣದ ಕಟಕಟೆಗೆ ಅವನ್ನು ಮೊಳೆ ಹೊಡೆದು ಕೂರಿಸಿದರು. ಆ ಕಟಕಟೆ ನೆಲದಿಂದ 10 ಅಡಿ ಎತ್ತರದಲ್ಲಿತ್ತು. ಇಂದಿಗೂ ಜಗತ್ತಿನೆಲ್ಲೆಡೆ ಬ್ಯಾಸ್ಕೆಟ್ಟಿನ ಎತ್ತರ 10 ಅಡಿ! ಯಾವ ವೈಜ್ಞಾನಿಕ ಪರೀಕ್ಷೆಯೂ ಅದನ್ನು ನಿರ್ಧರಿಸಲಿಲ್ಲ, ಒಬ್ಬ ಬಡಗಿಯ ಕಟಕಟೆ ನಿರ್ಧರಿಸಿತು. ಡಿಸೆಂಬರ್ 21ರಂದು ನಡೆದ ಮೊದಲ ಪಂದ್ಯದ ಫಲಿತಾಂಶ 1–0. ಇವತ್ತು ಎನ್‌ಬಿಎಯಲ್ಲಿ ಒಂದೊಂದು ತಂಡ ನೂರರ ಮೇಲೆ ಗಳಿಸುವುದು ಸಾಮಾನ್ಯ ಸಂಗತಿ. ಹುಟ್ಟಿಸಿದವರಿಗೂ ಆಟದ ಭವಿಷ್ಯ ಗೊತ್ತಿತ್ತೆಂದು ಹೇಳುವಂತಿಲ್ಲ. ಮುಂದೆ ಕ್ಯಾನ್ಸಸ್ ವಿಶ್ವವಿದ್ಯಾಲಯದಲ್ಲಿ ತರಬೇತುದಾರರಾಗಿ ಅವರು ಗೆದ್ದದ್ದು 55, ಸೋತದ್ದು 60!

ಈ ಊರಿನ ನಂಟು ನಮಗೂ ಇದೆ. ಇದೇ ಶಾಲೆಯಲ್ಲಿ ಕಲಿತ ಹ್ಯಾರಿ ಕ್ರೋ ಬಕ್ ಎಂಬುವರು 1920ರಲ್ಲಿ ಮದರಾಸಿನಲ್ಲಿ ವೈಎಂಸಿಎ ದೈಹಿಕ ಶಿಕ್ಷಣ ಕಾಲೇಜು ತೆರೆದರು. ದಕ್ಷಿಣ ಭಾರತದ ಎಷ್ಟೋ ಪಿ.ಟಿ. ಮೇಷ್ಟ್ರುಗಳ ಸೀಟಿಯ ಮೂಲ ಆ ಕಾಲೇಜು. ಹೈಸ್ಕೂಲು ಮೈದಾನದಲ್ಲಿ ಎರಡು ಕಲ್ಲುಕಂಬ ನೆಟ್ಟು, ಹಲಗೆ ಹೊಡೆದು, ಬಲೆಯಿಲ್ಲದ ಕಬ್ಬಿಣದ ಬಳೆಗೆ ನಾವು ಚೆಂಡು ಎಸೆಯುತ್ತಿದ್ದೆವಲ್ಲ, ಆ ಆಟ ಸ್ಪ್ರಿಂಗ್‌ಫೀಲ್ಡಿನಿಂದ ಮದರಾಸಿನ ದಾರಿಯಲ್ಲಿ ಬಂದದ್ದು.

ನದಿಯ ಪಕ್ಕದಲ್ಲಿ ದೊಡ್ಡ ಬೆಳ್ಳಿ ಚೆಂಡಿನಂಥ ಗೋಳಾಕಾರದ ಕಟ್ಟಡವೊಂದಿದೆ. ನೈಸ್ಮಿತ್ ಹೆಸರಿನ ಈ ಕೀರ್ತಿಮಂದಿರದ ಈಗಿನ ಕಟ್ಟಡ ತೆರೆದದ್ದು 2002ರಲ್ಲಿ. ಒಳಗೆ ಗೋಳದ ಮೇಲ್ಭಾಗದಲ್ಲಿ ಸುತ್ತಲೂ ಮಹನೀಯರ ಚಿತ್ರಗಳು. ತಳದಲ್ಲಿ ನಿಜವಾದ ಅಂಕಣ. ಟಿಕೇಟು ಕೊಂಡ ಯಾರು ಬೇಕಾದರೂ ಚೆಂಡು ಎಸೆಯಬಹುದು. ಸೀರೆಯುಟ್ಟ ಅಕ್ಕನೂ ಎಸೆದಳು. ಮೂರನೆಯದು ಬಿತ್ತು. ಪಕ್ಕದಲ್ಲಿದ್ದ ಅಪರಿಚಿತರೆಲ್ಲ ಚಪ್ಪಾಳೆ ತಟ್ಟಿದರು.

ಹೊರಗೆ ಬಂದು ಬೆಂಚಿನ ಮೇಲೆ ಕುಳಿತು ಪುಳಿಯೋಗರೆ ಡಬ್ಬಿ ಬಿಚ್ಚಿದಾಗ ಹುಡುಗ ಜೇಬಿನಿಂದ ಮಡಿಚಿದ ಹಾಳೆ ತೆಗೆದ. ಮೂವತ್ತೂ ತಂಡಗಳ ಹೆಸರು, ಎದುರಿಗೆ ಅವನ ಲೆಕ್ಕದಲ್ಲಿ ಗೆಲ್ಲಬಹುದಾದ ಪಂದ್ಯಗಳು. ಪೂರ್ವದಲ್ಲಿ ಮೊದಲು ಬಾಸ್ಟನ್, 66. ನಂತರ ನ್ಯೂಯಾರ್ಕ್, ಫಿಲಡೆಲ್ಫಿಯಾ. ಕ್ಲೀವ್‌ಲೆಂಡ್ ಐದನೆಯದು, 47. ಪಶ್ಚಿಮದಲ್ಲಿ ಮೊದಲು ಒಕ್ಲಹೋಮಾ ಸಿಟಿ. ದೊಡ್ಡ ದೊಡ್ಡ ಪಂಡಿತರ ಪಟ್ಟಿಗಳೂ ಆಗ ಹೆಚ್ಚುಕಡಿಮೆ ಹೀಗೇ ಇದ್ದವು. ಪ್ರತಿ ಅಕ್ಟೋಬರಿನಲ್ಲಿ ಲೀಗು ಮೂವತ್ತು ತಂಡಗಳ ಜನರಲ್ ಮ್ಯಾನೇಜರುಗಳನ್ನೂ ಕೇಳುತ್ತದೆ. ತಮ್ಮ ತಂಡಕ್ಕೆ ತಾವೇ ಮತ ಹಾಕುವಂತಿಲ್ಲ ಎಂಬುದು ಅಲ್ಲಿನ ಒಳ್ಳೆಯ ನಿಯಮ. ಅವರಲ್ಲೂ ಬಹುಪಾಲು ಜನ ಆ ವರ್ಷ ಬಾಸ್ಟನ್ ಎಂದೇ ಹೇಳಿದ್ದರು.

ಮೇಷ್ಟ್ರ ಬುದ್ಧಿ ಎಲ್ಲಿ ಹೋಗುತ್ತದೆ? ನಾನು ಪೆನ್ನು ತೆಗೆದು ಕೂಡತೊಡಗಿದೆ. ಒಂದು ತಂಡ ಒಂದು ಋತುವಿನಲ್ಲಿ ಆಡುವುದು 82 ಪಂದ್ಯ. ಈ 82 ಬರುವ ಬಗೆಯೂ ಸೊಗಸಾಗಿದೆ. ತನ್ನ ಉಪವಿಭಾಗದ 4 ತಂಡಗಳೊಡನೆ ನಾಲ್ಕು ನಾಲ್ಕು ಬಾರಿ, 16. ತನ್ನದೇ ವಿಭಾಗದ ಉಳಿದ ಹತ್ತರಲ್ಲಿ 6 ತಂಡಗಳೊಡನೆ ನಾಲ್ಕು ಬಾರಿ, 24. ಇನ್ನು 4 ತಂಡಗಳೊಡನೆ ಮೂರು ಬಾರಿ, 12. ಎದುರು ವಿಭಾಗದ 15 ತಂಡಗಳೊಡನೆ ಎರಡೆರಡು ಬಾರಿ, 30. ಒಟ್ಟು 82. ಮೂವತ್ತು ತಂಡಕ್ಕೆ 2460 ಆಗುತ್ತದೆ. ಒಂದು ಪಂದ್ಯದಲ್ಲಿ ಎರಡು ತಂಡವಿರುವುದರಿಂದ ಅರ್ಧ ಮಾಡಿದರೆ 1230. ಈ ಆಟದಲ್ಲಿ ಡ್ರಾ ಇಲ್ಲ. ಆದ್ದರಿಂದ ಒಂದು ಋತುವಿನಲ್ಲಿ ಭೂಮಿಯ ಮೇಲೆ ಇರುವ ಒಟ್ಟು ಗೆಲುವುಗಳು 1230. ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ.

ಹುಡುಗನ ಪಟ್ಟಿ ಕೂಡಿದರೆ 1271 ಬಂತು.

“ನಲವತ್ತೊಂದು ಗೆಲುವು ಹೆಚ್ಚಿಗೆ ಹಂಚಿದ್ದೀಯಲ್ಲಪ್ಪಾ” ಎಂದೆ. ನಲವತ್ತೊಂದು ಎಂದರೆ ಒಂದು ತಂಡದ ಸರಾಸರಿ ಪಾಲು. ಇಲ್ಲದ ಮೂವತ್ತೊಂದನೆಯ ತಂಡವೊಂದರ ಆದಾಯವನ್ನು ಇವನು ಊರಿಗೆಲ್ಲ ದಾನ ಮಾಡಿದ್ದ! ಹುಡುಗ ಎರಡು ಸಲ ಕೂಡಿ ನೋಡಿ ಸುಮ್ಮನಾದ. ಆಮೇಲೆ ಹಾಳೆ ಕಸಿದುಕೊಂಡು ಕತ್ತರಿಸಲು ಕುಳಿತ. ವಾಷಿಂಗ್‌ಟನ್‌ನಿಂದ ಐದು, ಷಾರ್ಲೆಟ್‌ನಿಂದ ಆರು. ಡೆಟ್ರಾಯ್ಟ್‌ಗೆ 24 ಕೊಟ್ಟಿದ್ದವನು ಹತ್ತು ಕಿತ್ತುಕೊಂಡು 14 ಮಾಡಿದ. “ಹೋದ ವರ್ಷ ಅವರಿಗೆ ಬಂದಿದ್ದೇ ಹದಿನಾಲ್ಕು ತಾತ, ಸಾಕು” ಎಂದ. ಅದು ನಿಜ. 2023–24ರಲ್ಲಿ ಡೆಟ್ರಾಯ್ಟ್ ಸತತ 28 ಪಂದ್ಯ ಸೋತಿತ್ತು.

“ಬಾಸ್ಟನ್‌ನಿಂದ ಒಂದೆರಡು?” ಎಂದೆ.

“ಬಾಸ್ಟನ್ ಮುಟ್ಟಬೇಡಿ ತಾತ!”

ಇಂಥ ಪಟ್ಟಿಗಳಲ್ಲಿ ನಡೆಯುವುದು ಬಹುಮಟ್ಟಿಗೆ ಇದೇ. ಆಸೆ ಇದ್ದಲ್ಲಿ ಸೇರಿಸುವುದು. ಮೊತ್ತ ಮೀರಿದಾಗ ಯಾರೂ ಕೇಳದ ಊರಿನಿಂದ ಕಳೆಯುವುದು. ಬಜೆಟ್ಟುಗಳಲ್ಲೂ ಇದನ್ನು ನೋಡಿದ್ದೇನೆ.

ಈ ಲೆಕ್ಕ ಶಾಸ್ತ್ರವಾಗಿ ಬೆಳೆದ ಕಥೆಯಲ್ಲೂ ಬಾಸ್ಟನ್ನಿಗೆ ಪಾಲಿದೆ. ಚಾರ್ಲ್ಸ್ ನದಿಯ ಆಚೆ ದಡದ ಕೇಂಬ್ರಿಜ್‌ನಲ್ಲಿ ಎಂಐಟಿ ಎಂಬ ಪ್ರಸಿದ್ಧ ತಾಂತ್ರಿಕ ಸಂಸ್ಥೆ. ಅಲ್ಲಿ ಎಂಬಿಎ ಓದಿದ ಡ್ಯಾರಿಲ್ ಮೋರಿ ಎಂಬಾತ ಬೇಸ್‌ಬಾಲ್‌ಗಾಗಿ ಬಿಲ್ ಜೇಮ್ಸ್ ಕಂಡುಕೊಂಡಿದ್ದ ಸೂತ್ರವೊಂದನ್ನು ಬ್ಯಾಸ್ಕೆಟ್‌ಬಾಲ್‌ಗೆ ಹೊಂದಿಸಿದ. ಅದರ ಸಾರ ಇಷ್ಟು: ತಂಡವೊಂದು ಎಷ್ಟು ಪಂದ್ಯ ಗೆದ್ದಿತು ಎಂಬುದಕ್ಕಿಂತ, ಒಟ್ಟು ಎಷ್ಟು ಅಂಕ ಗಳಿಸಿತು, ಎಷ್ಟು ಬಿಟ್ಟುಕೊಟ್ಟಿತು ಎಂಬುದು ಅದರ ನಿಜವಾದ ಬಲವನ್ನು ಹೇಳುತ್ತದೆ. ಎರಡರ ಅನುಪಾತವನ್ನು ಸುಮಾರು 14ನೆಯ ಘಾತಕ್ಕೆ ಏರಿಸಬೇಕು. ಸರಾಸರಿ 115 ಗಳಿಸಿ 110 ಬಿಟ್ಟುಕೊಡುವ ತಂಡ ಈ ಲೆಕ್ಕದಲ್ಲಿ 82ರಲ್ಲಿ ಸುಮಾರು 53 ಗೆಲ್ಲಬೇಕು. ಒಂದು ಅಂಕದ ಅಂತರಕ್ಕೆ ಎರಡೂವರೆ ಗೆಲುವು ಎಂದು ಇಟ್ಟುಕೊಂಡರೆ ಬಾಯಿಲೆಕ್ಕಕ್ಕೆ ಸಾಕು. ಒಂದೆರಡು ಅಂಕದಲ್ಲಿ ಗೆದ್ದ ಪಂದ್ಯಗಳಲ್ಲಿ ಅದೃಷ್ಟದ ಪಾಲು ಹೆಚ್ಚು. ಮರುವರ್ಷ ಅದು ಕೈಕೊಡುತ್ತದೆ. ಹಾಗಾಗಿ ಜಾಣ ಪಟ್ಟಿಕಾರರು ಹೋದ ವರ್ಷ ತೀರ ಮೇಲಿದ್ದವರನ್ನು ಸ್ವಲ್ಪ ಕೆಳಗೆ, ತೀರ ಕೆಳಗಿದ್ದವರನ್ನು ಸ್ವಲ್ಪ ಮೇಲೆ, ಅಂದರೆ ಸರಾಸರಿಯ ಕಡೆಗೆ, ಎಳೆಯುತ್ತಾರೆ. ಆಮೇಲೆ ಆಟಗಾರರ ವಯಸ್ಸು, ಬಂದವರು ಹೋದವರು. ಇಷ್ಟು ಮಾಡಿದರೂ ಸೂತ್ರಕ್ಕೆ ಸಿಗದ ವಸ್ತುವೊಂದಿದೆ. ಅದು ಮನುಷ್ಯನ ಮಂಡಿ.

ಬಾಸ್ಟನ್ನೇ ಒಳ್ಳೆಯ ನಿದರ್ಶನ. 2006–07ರಲ್ಲಿ ಈ ತಂಡ ಗೆದ್ದದ್ದು 24, ಸೋತದ್ದು 58. ಬೇಸಿಗೆಯಲ್ಲಿ ಕೆವಿನ್ ಗಾರ್ನೆಟ್ ಮತ್ತು ರೇ ಆಲನ್ ಬಂದರು. ಮರುವರ್ಷ 66 ಗೆದ್ದು ಪ್ರಶಸ್ತಿಯನ್ನೂ ತೆಗೆದುಕೊಂಡರು. ಐವರೇ ಅಂಕಣದಲ್ಲಿರುವ ಆಟವಾದ್ದರಿಂದ ಇಬ್ಬರು ಬಂದರೆ ಹೀಗಾಗುತ್ತದೆ. ಇಬ್ಬರು ಬಿದ್ದರೂ ಅಷ್ಟೇ.

ಊಟ ಮುಗಿಸಿ ಊರೊಳಗೆ ಒಂದು ಸುತ್ತು ಹಾಕಿದೆವು. 2011ರ ಜೂನ್ 1ರಂದು ಸುಂಟರಗಾಳಿಯೊಂದು ಸ್ಪ್ರಿಂಗ್‌ಫೀಲ್ಡಿನ ನಡುಮಧ್ಯೆ ನುಗ್ಗಿ ಹೋಗಿತ್ತಂತೆ. ಹಾಳುಬಿದ್ದ ಆ ಭಾಗದಲ್ಲಿ ಈಗ ಎದ್ದು ನಿಂತಿರುವುದು ಎಂಜಿಎಂ ಕ್ಯಾಸಿನೋ. ತೆರೆದದ್ದು 2018ರ ಆಗಸ್ಟ್‌ನಲ್ಲಿ. 2023ರ ಜನವರಿ ಕೊನೆಯಲ್ಲಿ ಮ್ಯಾಸಚೂಸೆಟ್ಸ್ ರಾಜ್ಯದ ಕ್ಯಾಸಿನೋಗಳಲ್ಲಿ ಕಾನೂನುಬದ್ಧ ಕ್ರೀಡಾ ಜೂಜು ಆರಂಭವಾಯಿತು. ಮಾರ್ಚ್‌ನಿಂದ ಮೊಬೈಲ್ ಫೋನಿನಲ್ಲೂ. ಪೀಚ್ ಬುಟ್ಟಿಯ ಆಟಕ್ಕೆ ಕಟ್ಟಿದ ಕೀರ್ತಿಮಂದಿರದಿಂದ ಆ ಆಟದ ಮೇಲೆ ಬಾಜಿ ಕಟ್ಟುವ ಮನೆಗೆ ಕಾರಿನಲ್ಲಿ ಎರಡು ಮೂರು ನಿಮಿಷ. ನಾನು ಈ ಊರಲ್ಲಿ ಕಂಡ ಅತಿ ದೊಡ್ಡ ಸೋಜಿಗ ಇದೇ.

ಹೀಗಾಗಿ ಅಕ್ಟೋಬರಿನ ಪಟ್ಟಿ ಈಗ ಬರೀ ಹರಟೆಯಾಗಿ ಉಳಿದಿಲ್ಲ. ‘ಕ್ಲೀವ್‌ಲೆಂಡ್ ಇಷ್ಟೂವರೆ ಗೆಲುವು, ಮೇಲೋ ಕೆಳಗೋ?’ ಎಂದು ಜೂಜಿನ ಕಂಪನಿ ಕೇಳುತ್ತದೆ. ಅರ್ಧ ಏಕೆಂದರೆ, ಅರ್ಧ ಗೆಲುವು ಎಂಬುದಿಲ್ಲ. ಆದ್ದರಿಂದ ಸಮ ಎಂಬ ಮಾತೇ ಬರುವುದಿಲ್ಲ. ಸಾಮಾನ್ಯ ದರದಲ್ಲಿ 100 ಡಾಲರ್ ಗೆಲ್ಲಲು 110 ಡಾಲರ್ ಒತ್ತೆಯಿಡಬೇಕು. ಅಂದರೆ ನಷ್ಟವಾಗದೆ ಉಳಿಯಲು 210ರಲ್ಲಿ 110ರಷ್ಟು, ಎಂದರೆ ನೂರಕ್ಕೆ 52.4ರಷ್ಟು ಸಲ, ನಿಮ್ಮ ಮಾತು ನಿಜವಾಗಬೇಕು. ನಾಣ್ಯ ಎಸೆದು ಹೇಳುವವನು ನೂರಕ್ಕೆ ಐವತ್ತು. ಆ ಎರಡು ಚಿಲ್ಲರೆಯ ವ್ಯತ್ಯಾಸದಿಂದಲೇ ಕಂಪನಿಗಳು ಬದುಕುವುದು. ಕಾರು ಓಡಿಸುತ್ತಿದ್ದ ಸೋದರಳಿಯ ತನ್ನ ಆಫೀಸಿನ ಒಬ್ಬನ ಕಥೆ ಹೇಳಿದ. ಮಧ್ಯಾಹ್ನದ ಊಟದ ಹೊತ್ತಿಗೆ ಐದು ಡಾಲರಿನಿಂದ ಶುರು ಮಾಡಿದವನು ಒಂದೇ ಚಳಿಗಾಲದಲ್ಲಿ ಕಾರಿನ ಕಂತಿನ ದುಡ್ಡನ್ನೂ ಹಾಕಿ ಕುಳಿತನಂತೆ. “ಫೋನು ಜೇಬಲ್ಲೇ ಇರತ್ತಲ್ಲ ಮಾಮ, ಅಂಗಡಿ ಬಾಗಿಲು ಮುಚ್ಚೋದೇ ಇಲ್ಲ” ಎಂದ.

ಹಿಂದಿನ ಸೀಟಿನಿಂದ ಹುಡುಗ ಕೇಳಿದ: “ಇಪ್ಪತ್ತೊಂದು ಆಗ್ಬೇಕು ಅಲ್ವಾ ಅಪ್ಪಾ, ಅದಕ್ಕೆ? ನನಗಿನ್ನೂ ಏಳು ವರ್ಷ.” ಕಾನೂನು ಅವನಿಗೆ ಸರಿಯಾಗಿ ಗೊತ್ತಿತ್ತು. ಅವನಪ್ಪ ಉತ್ತರ ಕೊಡಲಿಲ್ಲ. ರಸ್ತೆಯ ಪಕ್ಕದ ದೊಡ್ಡ ಫಲಕದಲ್ಲೂ ಅದೇ ಜಾಹೀರಾತು ಹೊಳೆಯುತ್ತಿತ್ತು. ನನಗೆ ಆ ಹುಡುಗನ ಹಾಳೆಯ ಬಗ್ಗೆ ಒಮ್ಮೆಲೇ ದಿಗಿಲಾಯಿತು. ಅದುವರೆಗೆ ಅದು ಅವನು ಬರೆದ ಅತ್ಯುತ್ತಮ ಗಣಿತದ ಪಾಠವೆಂದು ನಾನು ಒಳಗೊಳಗೇ ಸಂತೋಷಪಡುತ್ತಿದ್ದೆ. ಊಹೆ ಮಾಡಿ, ಬರೆದಿಟ್ಟು, ಫಲಿತಾಂಶ ಬಂದ ಮೇಲೆ ಎದುರು ಹಿಡಿದು ನೋಡುವುದು ವಿಜ್ಞಾನದ ಮೊದಲ ಕೆಲಸ. ಆ ಕೆಲಸಕ್ಕೆ ದುಡ್ಡು ಅಂಟಿಕೊಂಡರೆ ಯಾರೂ ಹಾಳೆ ಇಟ್ಟುಕೊಳ್ಳುವುದಿಲ್ಲ. ತಪ್ಪಿದ್ದನ್ನು ಮರೆತು ಮುಂದಿನದಕ್ಕೆ ಕೈ ಹಾಕುತ್ತಾರೆ. ನಾನು ಆ ಹಾಳೆಯ ಒಂದು ನಕಲನ್ನು ಕೇಳಿ ಪಡೆದು, ತಾರೀಕು ಹಾಕಿಸಿ, ಪಾಸ್‌ಪೋರ್ಟಿನ ಜತೆ ಇಟ್ಟುಕೊಂಡೆ.

ಅಕ್ಟೋಬರ್ 22ರ ರಾತ್ರಿ ಋತು ಆರಂಭ. ಬಾಸ್ಟನ್ನಿನ ಅಂಕಣವಿರುವುದು ನಾರ್ತ್ ಸ್ಟೇಷನ್ ರೈಲು ನಿಲ್ದಾಣದ ಮೇಲೆ. ಟಿಕೇಟಿನ ಬೆಲೆ ಕೇಳಿಯೇ ನಾವು ಸೋಫಾದಲ್ಲಿ ಕುಳಿತೆವು. 18ನೆಯ ಪತಾಕೆ ಮೇಲೇರಿತು. ನ್ಯೂಯಾರ್ಕ್ ವಿರುದ್ಧ 132–109. ದೂರದ ಮೂರಂಕದ ಎಸೆತಗಳು 29 ಬಿದ್ದು ಲೀಗಿನ ದಾಖಲೆಯನ್ನು ಸರಿಗಟ್ಟಿದವು. ಮೂವತ್ತನೆಯದಕ್ಕಾಗಿ ಕೊನೆಯಲ್ಲಿ ಹದಿಮೂರು ಎಸೆದರೂ ಒಂದೂ ಬೀಳಲಿಲ್ಲ. ಹುಡುಗ 66ರ ಪಕ್ಕದಲ್ಲಿ ಪೆನ್ಸಿಲಿನಿಂದ 70 ಎಂದು ಬರೆದು, ನನ್ನ ಮುಖ ನೋಡಿ ಅಳಿಸಿದ.

2025ರ ಏಪ್ರಿಲ್ ಮಧ್ಯದಲ್ಲಿ, ಎಸ್ಸೆಸ್ಸೆಲ್ಸಿ ಪರೀಕ್ಷೆಯ ಗಲಾಟೆ ಮುಗಿದ ಮೇಲೆ, ನಾನು ನಕಲನ್ನು ತೆಗೆದು ನಿಜವಾದ ಪಟ್ಟಿಯ ಎದುರು ಹಿಡಿದೆ. ಪಶ್ಚಿಮದ ತುದಿ ಸರಿಯಾಗಿತ್ತು: ಒಕ್ಲಹೋಮಾ ಸಿಟಿ 68 ಗೆದ್ದು ಮೊದಲ ಸ್ಥಾನ. ಪೂರ್ವದಲ್ಲಿ ಬಾಸ್ಟನ್ 61. ಆದರೆ ಅದರ ಮೇಲೆ ಕ್ಲೀವ್‌ಲೆಂಡ್, 64! ಹಿಂದಿನ ವರ್ಷದ 48ರಿಂದ, ಹೆಚ್ಚುಕಡಿಮೆ ಅದೇ ಆಟಗಾರರನ್ನು ಇಟ್ಟುಕೊಂಡು. ಬದಲಾದದ್ದು ತರಬೇತುದಾರ; ಕೆನ್ನಿ ಆಟ್ಕಿನ್ಸನ್ ಬಂದರು, ಮೊದಲ 15 ಪಂದ್ಯಗಳನ್ನೂ ಸಾಲಾಗಿ ಗೆದ್ದರು. ಅಲ್ಲಿಂದ ತೆಗೆದುಹಾಕಲ್ಪಟ್ಟ ಜೆ. ಬಿ. ಬಿಕರ್‌ಸ್ಟಾಫ್ ಹೋಗಿ ಸೇರಿದ್ದು ಡೆಟ್ರಾಯ್ಟನ್ನು. ಹುಡುಗ ಹತ್ತು ಕಿತ್ತುಕೊಂಡಿದ್ದ ಡೆಟ್ರಾಯ್ಟ್ ಗೆದ್ದದ್ದು 44. ಆರನೆಯ ಸ್ಥಾನ, ನೇರವಾಗಿ ಮುಂದಿನ ಸುತ್ತಿಗೆ. ಒಂದೇ ವರ್ಷದಲ್ಲಿ ಮೂರು ಪಟ್ಟಿಗೂ ಮಿಗಿಲು. ಈ ಎರಡು ಊರುಗಳ ಕಥೆಯನ್ನು ಒಟ್ಟಿಗಿಟ್ಟು ನೋಡಿದರೆ, ಒಬ್ಬ ಮೇಷ್ಟ್ರ ವರ್ಗಾವಣೆಯಿಂದ ಎರಡು ಶಾಲೆಗಳಿಗೂ ಒಳ್ಳೆಯದಾದಂತೆ ನನಗೆ ಕಂಡಿತು. ನಮ್ಮ ಇಲಾಖೆಯಲ್ಲೂ ಅಪರೂಪಕ್ಕೆ ಹೀಗಾಗುವುದುಂಟು.

ಇನ್ನು ಫಿಲಡೆಲ್ಫಿಯಾ. ಪಾಲ್ ಜಾರ್ಜ್‌ನನ್ನು ತಂದುಕೊಂಡು ಎಲ್ಲರ ಪಟ್ಟಿಗಳಲ್ಲೂ ಮೇಲಿದ್ದ ತಂಡ. ಮುಖ್ಯ ಆಟಗಾರ ಜೋಯೆಲ್ ಎಂಬೀಡ್‌ನ ಮಂಡಿ 19 ಪಂದ್ಯಕ್ಕಷ್ಟೇ ಅವಕಾಶ ಕೊಟ್ಟಿತು. ಜಾರ್ಜ್ ಆಡಿದ್ದು 41. ತಂಡ 24 ಗೆದ್ದು 58 ಸೋತು 13ನೆಯ ಸ್ಥಾನಕ್ಕೆ ಇಳಿಯಿತು. ಆ ತಂಡದ ಆಡಳಿತ ಯಾರ ಕೈಯಲ್ಲಿತ್ತು ಗೊತ್ತೇ? 2020ರಲ್ಲಿ ಅಲ್ಲಿಗೆ ಹೋಗಿ ಸೇರಿದ್ದ, ಅದೇ 14ನೆಯ ಘಾತದ ಡ್ಯಾರಿಲ್ ಮೋರಿ!

ಎಲ್ಲವನ್ನೂ ಕೂಡಿದೆ. ಪೂರ್ವದ ಹದಿನೈದು ತಂಡಗಳ ಗೆಲುವು 592, ಪಶ್ಚಿಮದವು 638. ಒಟ್ಟು 1230, ಕೂದಲೆಳೆಯ ವ್ಯತ್ಯಾಸವಿಲ್ಲ. ತಮ್ಮತಮ್ಮೊಳಗಿನ ಪಂದ್ಯಗಳಲ್ಲಿ ಎರಡು ವಿಭಾಗಕ್ಕೂ 390 ಗೆಲುವು ಹೇಗೂ ಸಿಗಲೇಬೇಕು. ಉಳಿದದ್ದು ಪರಸ್ಪರ ಆಡಿದ 450 ಪಂದ್ಯ. ಅದರಲ್ಲಿ ಪಶ್ಚಿಮಕ್ಕೆ 248, ಪೂರ್ವಕ್ಕೆ 202. ಹೀಗಾಗಿ ಪಶ್ಚಿಮದಲ್ಲಿ 48 ಗೆದ್ದ ಎರಡು ತಂಡಗಳಿಗೂ ಏಳು ಎಂಟನೆಯ ಸ್ಥಾನ. ಪೂರ್ವದಲ್ಲಿ ಅಷ್ಟೇ ಗೆದ್ದ ಮಿಲ್ವಾಕಿಗೆ ಐದನೆಯದು. ಸ್ಥಾನ ನೋಡಿ ತಂಡವನ್ನು ಅಳೆಯಬಾರದು ಎಂದು ಹುಡುಗನಿಗೆ ಫೋನಿನಲ್ಲಿ ಹೇಳಿದೆ. ಅವನಿಗೆ ಆಗ ಅದನ್ನೆಲ್ಲ ಕೇಳುವ ಮನಸ್ಸಿರಲಿಲ್ಲ.

ಮೇ 12ರಂದು ನ್ಯೂಯಾರ್ಕ್‌ನಲ್ಲಿ ನಡೆದ ಪಂದ್ಯದಲ್ಲಿ ಟೇಟಮ್‌ನ ಹಿಮ್ಮಡಿಯ ಸ್ನಾಯುರಜ್ಜು ಹರಿಯಿತು. ಎರಡನೆಯ ಸುತ್ತಿನಲ್ಲೇ ಬಾಸ್ಟನ್ ಹೊರಬಿತ್ತು. ಜೂನ್ 22ರಂದು ಅಂತಿಮ ಸರಣಿಯ ಏಳನೆಯ ಪಂದ್ಯದಲ್ಲಿ ಇಂಡಿಯಾನಾ ತಂಡದ ಟೈರೀಸ್ ಹ್ಯಾಲಿಬರ್ಟನ್‌ಗೂ ಅದೇ ಗತಿಯಾಯಿತು. ಗೆದ್ದದ್ದು ಒಕ್ಲಹೋಮಾ ಸಿಟಿ.

2025ರ ಅಕ್ಟೋಬರಿನಲ್ಲಿ ಹುಡುಗ ಹೊಸ ಪಟ್ಟಿಯನ್ನು ವಾಟ್ಸಾಪಿನಲ್ಲಿ ಕಳಿಸಿದ. ಈ ಸಲ ಕೆಳಗಡೆ ತಾನೇ ಗೆರೆ ಎಳೆದು ಮೊತ್ತ ಹಾಕಿದ್ದ, 1230. ಟೇಟಮ್ ಇಲ್ಲದ ಬಾಸ್ಟನ್ನಿಗೆ 46 ಕೊಟ್ಟಿದ್ದ. ಅವನ ಕೈ ಎಷ್ಟು ನಡುಗಿತೋ! ಡೆಟ್ರಾಯ್ಟ್‌ಗೆ ಮೊದಲಿಗಿಂತ ಧಾರಾಳವಾಗಿ 49 ಇತ್ತು. ತಾರೀಕನ್ನೂ ಹಾಕಿದ್ದ. ನಾನು ಅದನ್ನು ಊರಿನ ಜೆರಾಕ್ಸ್ ಅಂಗಡಿಯಲ್ಲಿ ಅಚ್ಚು ತೆಗೆಸಿ, ಹಳೆಯದರ ಜತೆ ಪಿನ್ನು ಹಾಕಿ, ಪ್ರಯೋಗಶಾಲೆಯ ಬೀರುವಿನಲ್ಲಿಟ್ಟೆ.